ಪವರ್ ಏರಿದ್ದು ಕಣ್ಣಿನಲ್ಲೋ, ಚೀಟಿಯಲ್ಲೋ?

ಪ್ರಶ್ನೆ: ನನಗೆ 26 ವರ್ಷ. ಮೂರು ವರ್ಷದಿಂದ ಹಾಕುತ್ತಿರುವ ಕನ್ನಡಕದ ಪವರ್ ಬಲಗಣ್ಣಿಗೆ −5.50, ಎಡಗಣ್ಣಿಗೆ −6.00. ಕಾಂಟ್ಯಾಕ್ಟ್ ಲೆನ್ಸ್ −5.25 ಮತ್ತು −5.50. ಈ ಸಲ ಬೇರೆ ಕಡೆ ಪರೀಕ್ಷೆ ಮಾಡಿಸಿದೆ. ಕನ್ನಡಕದ ಚೀಟಿಯಲ್ಲಿ ಬಲಕ್ಕೆ −5.50 / −0.50 × 180, ಎಡಕ್ಕೆ −6.50 ಎಂದಿದೆ. ಲೆನ್ಸ್ ಚೀಟಿಯಲ್ಲಿ −5.25 ಮತ್ತು −6.00. ಬಲಗಣ್ಣಿನ ಲೆನ್ಸ್ ಪವರ್ ಹಾಗೇ ಉಳಿದು ಕನ್ನಡಕದ್ದು ಮಾತ್ರ ಬದಲಾಗಿದ್ದು ಹೇಗೆ? ಹೊಸ ಕನ್ನಡಕ ಹಾಕಿದರೆ ನೆಲ ವಾಲಿದಂತೆ ಕಾಣುತ್ತದೆ. ಪೂರ್ತಿ ಪವರ್ ಹಾಕಿದರೆ ಕಣ್ಣು ಅದಕ್ಕೇ ಒಗ್ಗಿ ಇನ್ನೂ ಏರುತ್ತದೆ, ಸ್ವಲ್ಪ ಕಮ್ಮಿ ಹಾಕಿಸು ಎಂದು ಮನೆಯಲ್ಲಿ ಹೇಳುತ್ತಿದ್ದಾರೆ. ಇನ್ನೊಂದು ವಿಷಯ: ಅಕ್ಕನ ಮಗನಿಗೆ 9 ವರ್ಷ, ಒಂದೇ ವರ್ಷದಲ್ಲಿ −1.25 ಇದ್ದದ್ದು −2.25 ಆಗಿದೆ. ಅವನಿಗೇನು ಮಾಡಬೇಕು?

ಉತ್ತರ: ನಿಮ್ಮ ಕೈಯಲ್ಲಿರುವ ಎರಡೂ ಚೀಟಿಗಳು ಒಂದಕ್ಕೊಂದು ತಾಳೆಯಾಗುತ್ತವೆ. ಬಲಗಣ್ಣು ಬದಲಾಗಿದೆ ಎಂದು ಹೇಳುವಷ್ಟು ಬದಲಾಗಿಲ್ಲ. ಎಡಗಣ್ಣು ಅರ್ಧ ಡಯಾಪ್ಟರ್ ಏರಿರಬಹುದು. ಅದನ್ನು ಇನ್ನೊಮ್ಮೆ ಅಳೆಸಿ ಖಚಿತ ಮಾಡಿಕೊಳ್ಳಿ. ಪವರ್ ಕಮ್ಮಿ ಹಾಕಿಸುವ ಯೋಚನೆ ಬಿಡಿ. ಹುಡುಗನ ವಿಷಯ ಮಾತ್ರ ನಿಮ್ಮದಕ್ಕಿಂತ ತುರ್ತಿನದು, ಅದಕ್ಕೆ ಕೊನೆಯಲ್ಲಿ ಬರುತ್ತೇನೆ.

ಮೊದಲು ಅಂಕಿಗಳ ಅರ್ಥ. ಸಮೀಪದೃಷ್ಟಿ ಇರುವ ಕಣ್ಣಿಗೆ ಕನ್ನಡಕವಿಲ್ಲದೆ ಒಂದು ದೂರದವರೆಗೆ ಮಾತ್ರ ಸ್ಪಷ್ಟ, ಅದರಾಚೆ ಎಲ್ಲ ಮಸುಕು. ಆ ದೂರವನ್ನು ಮೀಟರಿನಲ್ಲಿ ಅಳೆದು, ಒಂದನ್ನು ಅದರಿಂದ ಭಾಗಿಸಿದರೆ ಸಿಗುವುದೇ ಡಯಾಪ್ಟರ್. −1.00 ಇದ್ದವರಿಗೆ ಒಂದು ಮೀಟರ್, −2.00 ಇದ್ದವರಿಗೆ ಅರ್ಧ ಮೀಟರ್, −4.00 ಇದ್ದವರಿಗೆ 25 ಸೆಂ.ಮೀ. ನಿಮ್ಮ ಎಡಗಣ್ಣು −6.00 ಇದ್ದಾಗ ಆ ಗಡಿ ಸುಮಾರು 16.7 ಸೆಂ.ಮೀ., −6.50 ಆದಾಗ 15.4 ಸೆಂ.ಮೀ. ಅಂದರೆ ಒಂದೂಕಾಲು ಸೆಂಟಿಮೀಟರಿನಷ್ಟು ವ್ಯತ್ಯಾಸ. ಅದೇ ಅರ್ಧ ಡಯಾಪ್ಟರ್ −2.00ದಿಂದ −2.50ಕ್ಕೆ ಹೋದಾಗ ಗಡಿ 50ರಿಂದ 40 ಸೆಂ.ಮೀ.ಗೆ ಇಳಿಯುತ್ತದೆ. ಪುಸ್ತಕವನ್ನು ಮುಖದ ಹತ್ತಿರ ತಂದು ನೋಡಿ ಮನೆಯಲ್ಲೇ ಪವರ್ ಅಂದಾಜಿಸುವ ಉಪಾಯ ಕಡಿಮೆ ಪವರಿನವರಿಗೆ ಒಂದಿಷ್ಟು ಕೆಲಸ ಮಾಡುತ್ತದೆ, ನಿಮ್ಮಂಥವರಿಗೆ ಮಾಡದಿರುವುದು ಇದಕ್ಕೇ.

ಇನ್ನು ಅಳತೆಯ ನಿಖರತೆ. ಚೀಟಿಯಲ್ಲಿ ಅಂಕಿ ಏರಿಳಿಯುವುದು 0.25ರ ಮೆಟ್ಟಿಲಲ್ಲಿ. ಅದೇ ಕಣ್ಣನ್ನು ಇವತ್ತು ಒಬ್ಬರು, ನಾಳೆ ಇನ್ನೊಬ್ಬರು ಅಳೆದರೆ ಒಂದು ಮೆಟ್ಟಿಲು ಆಚೀಚೆ ಆಗುವುದು ಮಾಮೂಲು. ಎರಡು ಮೆಟ್ಟಿಲು, ಅಂದರೆ 0.50 ಆಗುವುದೂ ಅಪರೂಪವಲ್ಲ. ಹಾಗಾಗಿ 0.25ರ ಬದಲಾವಣೆಯನ್ನು ಏರಿಕೆ ಎಂದು ಲೆಕ್ಕಕ್ಕೆ ಹಿಡಿಯಬಾರದು. 0.50 ಆದರೆ ಅನುಮಾನದಿಂದ ನೋಡಬೇಕು. 0.75 ದಾಟಿದರೆ ಕಣ್ಣೇ ಬದಲಾಗಿದೆ ಎಂದುಕೊಂಡು ಕಾರಣ ಹುಡುಕಬೇಕು.

ನಿಮ್ಮ ಬಲಗಣ್ಣಿಗೆ ಈಗ ಹೊಸದಾಗಿ ಬಂದಿರುವ −0.50 × 180 ಎಂಬುದು ಸಿಲಿಂಡರ್ ಪವರ್. ಕಾರ್ನಿಯಾದ, ಅಂದರೆ ಕಣ್ಣಿನ ಮುಂಭಾಗದ ಪಾರದರ್ಶಕ ಪದರದ, ಬಾಗು ಎಲ್ಲ ದಿಕ್ಕಿಗೂ ಒಂದೇ ಸಮ ಇಲ್ಲದಿದ್ದರೆ ಒಂದು ದಿಕ್ಕಿಗೆ ಮಾತ್ರ ಹೆಚ್ಚುವರಿ ಪವರ್ ಬೇಕಾಗುತ್ತದೆ. 180 ಎಂಬುದು ಆ ಸಿಲಿಂಡರನ್ನು ಯಾವ ಕೋನದಲ್ಲಿ ಕೂರಿಸಬೇಕು ಎಂಬ ಗುರುತು, ಪವರಿನ ಪ್ರಮಾಣ ಅಲ್ಲ. 'ನನಗೆ ನೂರೆಂಬತ್ತು ಬಂದಿದೆ' ಎಂದು ಗಾಬರಿಯಾಗುವವರಿದ್ದಾರೆ, ಅದಕ್ಕೇ ಹೇಳುತ್ತಿದ್ದೇನೆ. ಸಿಲಿಂಡರ್ ಇರುವ ಚೀಟಿಯನ್ನು ಇಲ್ಲದ ಚೀಟಿಯ ಜೊತೆ ಹೋಲಿಸಲು ಸಿಲಿಂಡರಿನ ಅರ್ಧವನ್ನು ಮೊದಲ ಅಂಕಿಗೆ ಸೇರಿಸಿ. ನಿಮ್ಮದು −5.50ಕ್ಕೆ −0.25 ಸೇರಿ −5.75. ಹಳೆಯದು −5.50. ವ್ಯತ್ಯಾಸ ಕಾಲು ಡಯಾಪ್ಟರ್, ಒಂದೇ ಮೆಟ್ಟಿಲು. ಮೂರು ವರ್ಷದ ಹಿಂದೆ ಅಳೆದವರು ಆ ಅರ್ಧ ಡಯಾಪ್ಟರ್ ಸಿಲಿಂಡರನ್ನು ಕಂಡೂ ಬಿಟ್ಟಿರಬಹುದು. ಸಣ್ಣ ಸಿಲಿಂಡರನ್ನು ಬರೆಯುವುದೋ ಬಿಡುವುದೋ ಎಂಬುದರಲ್ಲಿ ಒಬ್ಬೊಬ್ಬರದು ಒಂದೊಂದು ಪದ್ಧತಿ.

ಬರೆಯುವ ಕ್ರಮದಲ್ಲೇ ಇನ್ನೊಂದು ಗೊಂದಲವಿದೆ. ನಿಮ್ಮ ಇದೇ ಬಲಗಣ್ಣನ್ನು ಕೆಲವರು −6.00 / +0.50 × 90 ಎಂದು ಬರೆಯುತ್ತಾರೆ. ನೋಡಿದರೆ ಅರ್ಧ ಡಯಾಪ್ಟರ್ ಏರಿದಂತೆ, ಸಿಲಿಂಡರ್ ಪ್ಲಸ್ ಆದಂತೆ, ಕೋನ ಪೂರ್ತಿ ತಿರುಗಿದಂತೆ ಕಾಣುತ್ತದೆ. ಮಸೂರ ಮಾತ್ರ ಅದೇ, ಕೂದಲೆಳೆಯಷ್ಟೂ ಬೇರೆಯಲ್ಲ. ಬದಲಿಸುವ ಲೆಕ್ಕ ಸುಲಭ: ಎರಡು ಪವರ್ ಕೂಡಿಸಿ, ಸಿಲಿಂಡರಿನ ಚಿಹ್ನೆ ತಿರುಗಿಸಿ, ಕೋನಕ್ಕೆ 90 ಸೇರಿಸಿ ಅಥವಾ ಕಳೆಯಿರಿ. ಎರಡು ಚೀಟಿ ಹೋಲಿಸುವ ಮೊದಲು ಎರಡನ್ನೂ ಒಂದೇ ಕ್ರಮಕ್ಕೆ ತಂದುಕೊಳ್ಳಿ.

ಈಗ ಲೆನ್ಸಿನ ಒಗಟು. ಕನ್ನಡಕದ ಮಸೂರ ಕಣ್ಣಿನಿಂದ ಸುಮಾರು 12 ಮಿ.ಮೀ. ಮುಂದೆ ಕೂರುತ್ತದೆ, ಕಾಂಟ್ಯಾಕ್ಟ್ ಲೆನ್ಸ್ ಕಣ್ಣಿನ ಮೇಲೆಯೇ ಕೂರುತ್ತದೆ. ಮೈನಸ್ ಮಸೂರವನ್ನು ಕಣ್ಣಿಗೆ ಹತ್ತಿರ ತಂದಷ್ಟೂ ಕಡಿಮೆ ಪವರ್ ಸಾಕಾಗುತ್ತದೆ. ಲೆಕ್ಕ ಹೀಗೆ: ಕನ್ನಡಕದ ಪವರನ್ನು ಮೈನಸ್ ಚಿಹ್ನೆ ಬಿಟ್ಟು 0.012ರಿಂದ (12 ಮಿ.ಮೀ. ಮೀಟರಿನಲ್ಲಿ) ಗುಣಿಸಿ, ಒಂದಕ್ಕೆ ಕೂಡಿಸಿ, ಬಂದದ್ದರಿಂದ ಪವರನ್ನು ಭಾಗಿಸಿ. ನಿಮ್ಮ ಎಡಗಣ್ಣಿಗೆ 6.50 ಭಾಗಿಸು 1.078, ಅಂದರೆ 6.03, ಆದ್ದರಿಂದ ಲೆನ್ಸ್ −6.00. ಬಲಗಣ್ಣಿನ 5.75ಕ್ಕೆ 5.38 ಬರುತ್ತದೆ. ಅದು −5.25 ಮತ್ತು −5.50ರ ನಡುವೆ ಸರಿಯಾಗಿ ಮಧ್ಯದಲ್ಲಿದೆ. ಅಂಥ ಕಡೆ ಕಡಿಮೆ ಮೈನಸ್ ಇರುವುದನ್ನು ಆರಿಸುವುದು ವಾಡಿಕೆ, ಆದ್ದರಿಂದ −5.25. ಹಳೆಯ −5.50ಕ್ಕೆ 5.16 ಬರುತ್ತಿತ್ತು, ಅದಕ್ಕೂ ಹತ್ತಿರದ ಮೆಟ್ಟಿಲು −5.25 ಆಗಿತ್ತು. ಕನ್ನಡಕ ಬದಲಾಗಿ ಲೆನ್ಸ್ ಬದಲಾಗದೆ ಉಳಿದ ಗುಟ್ಟು ಇಷ್ಟೇ.

ಈ ವ್ಯತ್ಯಾಸ −4.00ಕ್ಕಿಂತ ಕೆಳಗೆ ಗಣನೆಗೆ ಬರುವುದಿಲ್ಲ. −3.00ಕ್ಕೆ 2.90 ಬರುತ್ತದೆ, ಲೆನ್ಸೂ −3.00 ಆಗಿಯೇ ಉಳಿಯುತ್ತದೆ. −8.00ಕ್ಕೆ ಹೋದರೆ ಮುಕ್ಕಾಲು ಡಯಾಪ್ಟರ್ ತಗ್ಗಿ −7.25 ಆಗುತ್ತದೆ. ಮೇಲಾಗಿ ಬಹಳಷ್ಟು ಮೃದು ಲೆನ್ಸುಗಳು −6.00 ದಾಟಿದ ಮೇಲೆ 0.50ರ ಮೆಟ್ಟಿಲಲ್ಲಿ ಮಾತ್ರ ಸಿಗುತ್ತವೆ. ಅಂಥ ಲೆನ್ಸಿನಲ್ಲಿ ಮುಂದೆ −6.25 ಬೇಕಾದರೆ −6.00 ಅಥವಾ −6.50 ಕೊಡಬೇಕಾಗುತ್ತದೆ. ಆಗ ಕಣ್ಣು ಕಾಲು ಡಯಾಪ್ಟರ್ ಸರಿದರೂ ಪೆಟ್ಟಿಗೆಯ ಮೇಲಿನ ಅಂಕಿ ಅರ್ಧ ಜಿಗಿಯುತ್ತದೆ. ನಿಮ್ಮ ಬಲಗಣ್ಣಿನ ಅರ್ಧ ಸಿಲಿಂಡರ್ ಸಾದಾ ಲೆನ್ಸಿನಲ್ಲಿ ಸರಿಯಾಗದೆ ಉಳಿಯುತ್ತದೆ, ಸಿಲಿಂಡರ್ ಇರುವ ಟಾರಿಕ್ ಲೆನ್ಸುಗಳು ಸಾಮಾನ್ಯವಾಗಿ −0.75ರಿಂದ ಶುರುವಾಗುತ್ತವೆ. ರಾತ್ರಿ ದೀಪಗಳ ಸುತ್ತ ಸ್ವಲ್ಪ ಎಳೆ ಎಳೆಯಾಗಿ ಕಂಡರೆ ಅದು ಇದೇ. ಇನ್ನು ಕನ್ನಡಕದ ಚೀಟಿ ಹಿಡಿದು ನೀವೇ ಲೆನ್ಸ್ ತರಿಸಿಕೊಳ್ಳಬೇಡಿ. ಲೆನ್ಸಿಗೆ ಪವರ್ ಅಲ್ಲದೆ ಬೇಸ್ ಕರ್ವ್ (ಲೆನ್ಸಿನ ಒಳಬದಿಯ ಬಾಗು) ಮತ್ತು ವ್ಯಾಸವೂ ಕಣ್ಣಿಗೆ ಹೊಂದಬೇಕು. ಬಿಗಿಯಾಗಿ ಕೂತ ಲೆನ್ಸ್ ಕಾರ್ನಿಯಾಕ್ಕೆ ಹೋಗುವ ಆಮ್ಲಜನಕವನ್ನು ಕಡಿಮೆ ಮಾಡುತ್ತದೆ.

ಎಡಗಣ್ಣಿನ ಅರ್ಧ ಡಯಾಪ್ಟರ್ ನಿಜವೇ ಎಂದು ತಿಳಿಯುವುದು ಹೇಗೆ? ಮೂರು ಕಡೆ ತಪ್ಪು ನುಸುಳುತ್ತದೆ. ಮೊದಲನೆಯದು, ಗಲ್ಲ ಊರಿಸಿ ಒಳಗಿನ ಚಿತ್ರ ನೋಡಲು ಹೇಳುವ ಆಟೋ ರಿಫ್ರಾಕ್ಟೋಮೀಟರ್. ಯಂತ್ರದೊಳಗೆ ಇಣುಕುವಾಗ ವಸ್ತು ಹತ್ತಿರವಿದೆ ಎಂದು ಮೆದುಳು ಭಾವಿಸಿ ಕಣ್ಣಿನ ಫೋಕಸ್ ಸ್ನಾಯುವನ್ನು ಬಿಗಿ ಮಾಡುತ್ತದೆ, ಯಂತ್ರ ಇಲ್ಲದ ಮೈನಸ್ಸನ್ನು ಸೇರಿಸಿ ತೋರಿಸುತ್ತದೆ. ಹರೆಯದವರಲ್ಲಿ ಇದು ಹೆಚ್ಚು. ಆ ಯಂತ್ರದ ಚೀಟಿ ಪರೀಕ್ಷೆಯ ಆರಂಭ ಮಾತ್ರ. ಅದನ್ನೇ ನಕಲಿಸಿ ಕೊಟ್ಟಿದ್ದರೆ ಮಸೂರ ಮಾಡಿಸಬೇಡಿ.

ಎರಡನೆಯದು, ಅಕ್ಷರ ಓದಿಸುವಾಗ ಕೇಳುವ 'ಇದು ಚೆನ್ನಾಗಿದೆಯೋ, ಅದು ಚೆನ್ನಾಗಿದೆಯೋ' ಎಂಬ ಪ್ರಶ್ನೆ. ಬೇಕಾದ್ದಕ್ಕಿಂತ ಹೆಚ್ಚು ಮೈನಸ್ ಹಾಕಿದಾಗ ಅಕ್ಷರಗಳು ಸ್ಪಷ್ಟವಾಗುವುದಿಲ್ಲ, ಚಿಕ್ಕದಾಗಿ ಕಪ್ಪಾಗುತ್ತವೆ. ಕಪ್ಪಾದದ್ದನ್ನು ಜನ 'ಚೆನ್ನಾಗಿದೆ' ಎನ್ನುತ್ತಾರೆ. ಕಣ್ಣಿಗೆ ಹೆಚ್ಚುವರಿ ಮೈನಸ್ಸನ್ನು ಹೊರುವ ಶಕ್ತಿ ಇಪ್ಪತ್ತರ ಹರೆಯದಲ್ಲಿ ಧಾರಾಳ ಇರುವುದರಿಂದ ಆಗ ತೊಂದರೆಯೂ ಗೊತ್ತಾಗುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಹಣೆ ನೋಯಲು ಶುರುವಾಗುತ್ತದೆ. ಪರೀಕ್ಷೆಯಲ್ಲಿ ನಿಮ್ಮನ್ನು ನೀವೇ ಕೇಳಿಕೊಳ್ಳಬೇಕಾದ್ದು ಒಂದೇ: ಈ ಮಸೂರದಿಂದ ನಾನು ಇನ್ನೊಂದು ಅಕ್ಷರ ಹೆಚ್ಚು ಓದಿದೆನೇ? ಓದದಿದ್ದರೆ ಆ ಕಾಲು ಡಯಾಪ್ಟರ್ ಬೇಡ. ಇದನ್ನು ಹಿಡಿಯಲೆಂದೇ ಕೆಂಪು ಹಸಿರು ಪರೀಕ್ಷೆ ಇದೆ. ಹಸಿರು ಬೆಳಕು ಕಣ್ಣಿನೊಳಗೆ ಕೆಂಪಿಗಿಂತ ಸ್ವಲ್ಪ ಮುಂದೆ ಕೂಡುತ್ತದೆ. ಮೈನಸ್ ಹೆಚ್ಚಾದರೆ ಹಸಿರಿನ ಮೇಲಿನ ಅಕ್ಷರ ಎದ್ದು ಕಾಣುತ್ತದೆ, ಕಡಿಮೆಯಾದರೆ ಕೆಂಪಿನ ಮೇಲಿನದು. ಎರಡೂ ಸಮ ಇರುವಲ್ಲಿ ಅಥವಾ ಕೆಂಪು ಒಂದು ಗುಲಗಂಜಿ ಹೆಚ್ಚಿರುವಲ್ಲಿ ನಿಲ್ಲಿಸಬೇಕು.

ಮೂರನೆಯದು ನೀವು ಹಾಕುವ ಲೆನ್ಸೇ. ಗಂಟೆಗಟ್ಟಲೆ ಲೆನ್ಸ್ ಹಾಕಿದ್ದು ತೆಗೆದ ಕೂಡಲೇ ಅಳೆದರೆ ಕಾರ್ನಿಯಾ ತನ್ನ ಆಕಾರಕ್ಕೆ ಮರಳಿರುವುದಿಲ್ಲ. ಮೃದು ಲೆನ್ಸಾದರೆ ಕಡೇಪಕ್ಷ ಹಿಂದಿನ ದಿನದಿಂದ ತೆಗೆದಿಡಿ. ಗಟ್ಟಿ ಲೆನ್ಸಾದರೆ ವಾರಗಳೇ ಬೇಕಾಗುತ್ತವೆ. ಕಣ್ಣು ಒಣಗಿದ್ದರೂ ಪವರ್ ಕುಣಿಯುತ್ತದೆ: ರೆಪ್ಪೆ ಬಡಿದಾಗ ಸ್ಪಷ್ಟವಾಗಿ, ನಾಲ್ಕು ಕ್ಷಣಕ್ಕೆ ಮತ್ತೆ ಮಸುಕಾದರೆ ಮಸೂರಕ್ಕಿಂತ ಮೊದಲು ಆ ಒಣಕಲಿಗೆ ಚಿಕಿತ್ಸೆ ಆಗಬೇಕು.

ಹಾಗಾಗಿ ಎಡಗಣ್ಣಿನ ಮರುಪರೀಕ್ಷೆಗೆ ಹೋಗುವಾಗ ಹಿಂದಿನ ದಿನದಿಂದಲೇ ಲೆನ್ಸ್ ಬಿಟ್ಟು, ಕಣ್ಣು ದಣಿಯುವ ಮೊದಲೇ ಬೆಳಿಗ್ಗೆ ಹೋಗಿ. ಹಳೆಯ ಕನ್ನಡಕವನ್ನು ಮರೆಯದೆ ಒಯ್ದು ಅದರ ಪವರನ್ನು ಲೆನ್ಸೋಮೀಟರಿನಲ್ಲಿ ಅಳೆಸಿ. ಹೋಲಿಕೆ ಆಗಬೇಕಾದ್ದು ಹಳೆಯ ಚೀಟಿಯ ಜೊತೆ ಅಲ್ಲ, ಮೂರು ವರ್ಷ ನಿಜವಾಗಿ ನಿಮ್ಮ ಮುಖದ ಮೇಲಿದ್ದ ಮಸೂರದ ಜೊತೆ. ಹಳೆಯ ಕನ್ನಡಕದಲ್ಲಿ ಎಡಗಣ್ಣೊಂದರಿಂದಲೇ ಎಷ್ಟನೇ ಸಾಲಿನವರೆಗೆ ಓದಬಲ್ಲಿರಿ ಎಂದು ಬರೆಸಿಕೊಳ್ಳಿ. ಸಾಮಾನ್ಯ ದೃಷ್ಟಿಯ ಸಾಲಾದ 6/6 ಸಲೀಸಾಗಿ ಓದಿದರೆ ಅರ್ಧ ಡಯಾಪ್ಟರ್ ಏರಿಕೆ ಎಂಬ ಮಾತು ನಿಲ್ಲುವುದು ಕಷ್ಟ. ಫೋಕಸ್ ಸ್ನಾಯು ಬಿಗಿಹಿಡಿದಿರುವ ಅನುಮಾನವಿದ್ದರೆ ಅದನ್ನು ಸಡಿಲಿಸುವ ಸೈಕ್ಲೋಪೆಂಟೊಲೇಟ್ ಡ್ರಾಪ್ಸ್ ಹಾಕಿ, ಅರ್ಧ ಮುಕ್ಕಾಲು ಗಂಟೆ ಬಿಟ್ಟು ಅಳೆಯುತ್ತಾರೆ. ಅಂದು ಹತ್ತಿರದ್ದು ಮಸುಕು, ಬಿಸಿಲು ಚುಚ್ಚುತ್ತದೆ; ವಾಹನ ನೀವೇ ಓಡಿಸಿಕೊಂಡು ಬರಬೇಡಿ.

ಕಣ್ಣಿನ ಉದ್ದ ಅಳೆಯುವ ಬಯೋಮೀಟರ್ ಇರುವ ಕಡೆ ಅದನ್ನೂ ಮಾಡಿಸಿ ಅಂಕಿ ಬರೆದಿಟ್ಟುಕೊಳ್ಳಿ. ಸಮೀಪದೃಷ್ಟಿ ಏರುವುದೆಂದರೆ ಬಹುಪಾಲು ಕಣ್ಣುಗುಡ್ಡೆ ಹಿಂದಕ್ಕೆ ಉದ್ದವಾಗುವುದು. ಒಂದು ಮಿ.ಮೀ. ಉದ್ದವಾದರೆ ಸುಮಾರು ಎರಡೂವರೆ ಡಯಾಪ್ಟರ್, ಅರ್ಧ ಡಯಾಪ್ಟರಿಗೆ ಸುಮಾರು 0.2 ಮಿ.ಮೀ. ಯಂತ್ರ ಮಿಲಿಮೀಟರಿನ ನೂರನೇ ಒಂದು ಭಾಗದವರೆಗೆ ಹೇಳುತ್ತದೆ, ಅದಕ್ಕೆ ನಿಮ್ಮ 'ಇದು ಚೆನ್ನಾಗಿದೆ'ಯ ಹಂಗಿಲ್ಲ. ಇವತ್ತಿನ ಒಂದೇ ಅಳತೆಯಿಂದ ಏನೂ ಗೊತ್ತಾಗದು. ಮುಂದಿನ ವರ್ಷದ್ದರ ಜೊತೆ ಇಟ್ಟಾಗ ವಾದವೇ ಉಳಿಯುವುದಿಲ್ಲ.

ನೆಲ ವಾಲಿದಂತೆ ಕಾಣುವ ವಿಷಯ. ಹೊಸ ಸಿಲಿಂಡರ್ ಒಂದು ದಿಕ್ಕಿನ ಚಿತ್ರವನ್ನು ಇನ್ನೊಂದು ದಿಕ್ಕಿಗಿಂತ ಸ್ವಲ್ಪ ಕುಗ್ಗಿಸುತ್ತದೆ, ಹೊಸ ಫ್ರೇಮ್ ದೊಡ್ಡದಿದ್ದರೆ ಅಂಚಿನ ಬಾಗೂ ಸೇರುತ್ತದೆ. ಮೆದುಳು ಒಂದೆರಡು ವಾರದಲ್ಲಿ ಇದನ್ನು ಸರಿಹೊಂದಿಸಿಕೊಳ್ಳುತ್ತದೆ, ಆದರೆ ಬೆಳಿಗ್ಗೆ ಹೊಸದು ಸಂಜೆ ಹಳೆಯದು ಎಂದು ಅದಲು ಬದಲು ಮಾಡಿದರೆ ಎಂದಿಗೂ ಒಗ್ಗುವುದಿಲ್ಲ. ಎರಡು ವಾರ ಕಳೆದರೂ ಹಾಗೇ ಇದ್ದರೆ ಚೀಟಿಯನ್ನು ದೂರುವ ಮೊದಲು ಕನ್ನಡಕವನ್ನು ಪರೀಕ್ಷಿಸಿ. ಮಸೂರದ ಮಧ್ಯಬಿಂದು ನಿಮ್ಮ ಪಾಪೆಯ ಎದುರು ಬಂದಿದೆಯೇ ನೋಡಿಸಿ: −6.50ರಲ್ಲಿ 3 ಮಿ.ಮೀ. ಸರಿದಿದ್ದರೆ ಸುಮಾರು ಎರಡು ಪ್ರಿಸಂ ಡಯಾಪ್ಟರ್ (ಚಿತ್ರ ಪಕ್ಕಕ್ಕೆ ಸರಿಯುವುದರ ಅಳತೆ) ಸೇರಿಕೊಳ್ಳುತ್ತದೆ, ಎರಡು ಕಣ್ಣೂ ಒಂದೇ ಕಡೆ ನೋಡಲು ಹೆಣಗಾಡುತ್ತವೆ. ಮೂಗಿನ ಮೇಲೆ ಜಾರುವುದನ್ನೂ ಗಮನಿಸಿ. −6.50ರ ಕನ್ನಡಕ ಕೆಳಗೆ ಜಾರಿ 5 ಮಿ.ಮೀ. ಮುಂದಕ್ಕೆ ಬಂದರೆ ಹತ್ತಿರ ಹತ್ತಿರ 0.20 ಡಯಾಪ್ಟರ್ ಕಡಿಮೆಯಾದಂತೆ. ಬೆರಳಿನಿಂದ ಕನ್ನಡಕವನ್ನು ಮುಖಕ್ಕೆ ಒತ್ತಿ ಹಿಡಿದಾಗ ದೂರದ ಫಲಕ ಸ್ಪಷ್ಟವಾದರೆ, ಪವರ್ ಏರಿದೆ ಎಂದುಕೊಳ್ಳುವ ಮೊದಲು ನೋಸ್ ಪ್ಯಾಡ್ ಬಿಗಿ ಮಾಡಿಸಿ ನೋಡಿ. ಎಷ್ಟೋ ಸಲ ಅಷ್ಟೇ ಸಾಕಾಗುತ್ತದೆ.

ಮನೆಯವರ ಮಾತು ಬಹಳ ಹಳೆಯದು, ಕೇಳಲು ನ್ಯಾಯವಾಗಿಯೂ ಇದೆ: ಊರುಗೋಲು ಕೊಟ್ಟರೆ ಕಾಲು ಸೋಮಾರಿಯಾಗುತ್ತದೆ ಎಂಬ ಹಾಗೆ. ಕಣ್ಣು ಹಾಗಲ್ಲ. ಉದ್ದವಾದ ಕಣ್ಣುಗುಡ್ಡೆಯನ್ನು ಮಸುಕಾದ ಚಿತ್ರ ತೋರಿಸಿ ಕುಗ್ಗಿಸಲು ಬರುವುದಿಲ್ಲ. 2002ರಲ್ಲಿ ಪ್ರಕಟವಾದ ಮಲೇಷ್ಯಾದ ಒಂದು ಪ್ರಯೋಗದಲ್ಲಿ 94 ಮಕ್ಕಳಲ್ಲಿ ಒಂದು ಗುಂಪಿಗೆ ಪೂರ್ತಿ ಪವರ್, ಇನ್ನೊಂದಕ್ಕೆ ಸುಮಾರು 0.75 ಕಡಿಮೆ ಕೊಟ್ಟು ಎರಡು ವರ್ಷ ನೋಡಿದರು. ಪೂರ್ತಿ ಹಾಕಿದವರಲ್ಲಿ ಸರಾಸರಿ 0.77 ಏರಿತು, ಕಡಿಮೆ ಹಾಕಿದವರಲ್ಲಿ 1.00. ಆಮೇಲಿನ ಅಧ್ಯಯನಗಳ ಉತ್ತರ ಎಲ್ಲ ಒಂದೇ ತೆರನಾಗಿಲ್ಲ, ಆದರೂ ಕಡಿಮೆ ಪವರನ್ನು ಚಿಕಿತ್ಸೆಯೆಂದು ಕೊಡುವಷ್ಟು ಬಲ ಯಾವುದಕ್ಕೂ ಇಲ್ಲ. ನಿಮಗಂತೂ 26 ವರ್ಷ; ಕಮ್ಮಿ ಹಾಕಿಸಿದರೆ ಸಿಗುವುದು ರಾತ್ರಿ ರಸ್ತೆಯಲ್ಲಿ ಮಸುಕು, ಅಷ್ಟೇ. ಮನೆಯವರಿಗೆ ಹಾಗೆ ಅನ್ನಿಸಲು ಕಾರಣವೂ ಇದೆ: ಹೊಸ ಕನ್ನಡಕ ಹಾಕಿ ಒಂದು ವಾರ ಕಳೆದ ಮೇಲೆ ಅದನ್ನು ತೆಗೆದರೆ ಮೊದಲಿಗಿಂತ ಮಸುಕು ಎನ್ನಿಸುತ್ತದೆ. ಮಸುಕು ಅಷ್ಟೇ ಇದೆ, ಸ್ಪಷ್ಟತೆಯ ರುಚಿ ಹತ್ತಿದೆ.

ಇಪ್ಪತ್ತೈದರ ನಂತರ ಪವರ್ ಏರುವುದೇ ಇಲ್ಲ ಎಂದೇನಿಲ್ಲ. ದಿನವಿಡೀ ಹತ್ತಿರದ ಕೆಲಸ ಇರುವವರಲ್ಲಿ ನಿಧಾನವಾಗಿ ಏರುವುದುಂಟು. ಮೂರು ವರ್ಷಕ್ಕೆ ಅರ್ಧ ಎಂಬುದು ಅದರೊಳಗೇ ಬರುತ್ತದೆ. ಗಾಬರಿಯಾಗಬೇಕಾದ್ದು ದಿಢೀರ್ ಏರಿಕೆಗೆ. ಕೆಲವೇ ವಾರದಲ್ಲಿ ಒಂದೆರಡು ಡಯಾಪ್ಟರ್ ಬದಲಾದರೆ ರಕ್ತದ ಸಕ್ಕರೆ ಪರೀಕ್ಷೆ ಮೊದಲು: ಸಕ್ಕರೆ ಏರಿದಾಗ ಕಣ್ಣಿನೊಳಗಿನ ಮಸೂರ ಉಬ್ಬಿ ಮೈನಸ್ ಹೆಚ್ಚುತ್ತದೆ, ಚಿಕಿತ್ಸೆ ಶುರುವಾದ ಮೇಲೆ ತದ್ವಿರುದ್ಧ ದಿಕ್ಕಿಗೆ ಹೋಗುತ್ತದೆ, ಹಾಗಾಗಿ ಸಕ್ಕರೆ ಕೆಲವು ವಾರ ಹಿಡಿತದಲ್ಲಿ ನಿಲ್ಲುವವರೆಗೆ ಹೊಸ ಕನ್ನಡಕ ದಂಡ. ತಲೆನೋವಿಗೋ ಮೂರ್ಛೆಗೋ ಟೋಪಿರಾಮೇಟ್ ಮಾತ್ರೆ ಹೊಸದಾಗಿ ಶುರುಮಾಡಿದವರಿಗೆ ದಿಢೀರನೆ ದೂರ ಮಸುಕಾಗಿ ಕಣ್ಣು ನೋಯುತ್ತಿದ್ದರೆ ಅದು ಕಣ್ಣಿನ ಒತ್ತಡ ಏರಿದ ಲಕ್ಷಣ ಇರಬಹುದು, ಅದೇ ದಿನ ಆಸ್ಪತ್ರೆಗೆ ಹೋಗಬೇಕು. ಸಿಲಿಂಡರ್ ವರ್ಷ ವರ್ಷ ಏರುತ್ತ ಕೋನವೂ ತಿರುಗುತ್ತಿದ್ದರೆ, ಅದರಲ್ಲೂ ಕಣ್ಣು ಉಜ್ಜುವ ಅಭ್ಯಾಸವಿದ್ದರೆ, ಕೆರಟೋಕೋನಸ್ (ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಮುಂದಕ್ಕೆ ಉಬ್ಬುವ ರೋಗ) ಇದೆಯೇ ಎಂದು ಕಾರ್ನಿಯಾದ ಟೊಪೊಗ್ರಫಿ, ಅಂದರೆ ಅದರ ಬಾಗಿನ ನಕ್ಷೆ, ಮಾಡಿಸಬೇಕು. ನಿಮ್ಮ ಬಲಗಣ್ಣಿನ ಅರ್ಧ ಸಿಲಿಂಡರ್ ಅಷ್ಟರ ಮಟ್ಟಿಗೆ ಹೋಗಿಲ್ಲ. ಮುಂದಿನ ವರ್ಷ ಅದು ಒಂದು ದಾಟಿದರೆ ಕೇಳಿ. ವಯಸ್ಸಾದವರಲ್ಲಿ ಮೈನಸ್ ಏರುತ್ತ, ಓದುವ ಕನ್ನಡಕವೇ ಬೇಡವಾಯಿತು ಎಂದು ಖುಷಿಪಟ್ಟರೆ ಅದು ಪೊರೆ ಬಲಿಯುತ್ತಿರುವ ಸೂಚನೆ.

ಪವರ್ ಸ್ಥಿರವಾಗಿದ್ದರೂ −6.00ರ ಆಸುಪಾಸಿನ ಕಣ್ಣಿಗೆ ಬೇರೊಂದು ಕೆಲಸವಿದೆ. ಉದ್ದವಾದ ಕಣ್ಣಿನಲ್ಲಿ ರೆಟಿನಾ (ಚಿತ್ರ ಮೂಡುವ ಹಿಂಬದಿಯ ಪರದೆ) ಹಿಗ್ಗಿ ತೆಳುವಾಗಿರುತ್ತದೆ. ವರ್ಷಕ್ಕೊಮ್ಮೆ ಪಾಪೆ ಹಿಗ್ಗಿಸಿ ರೆಟಿನಾದ ಅಂಚಿನವರೆಗೆ ನೋಡಿಸಿ. ಕನ್ನಡಕದ ಪರೀಕ್ಷೆಯಲ್ಲಿ ಅದು ಸೇರಿರುವುದಿಲ್ಲ. ಕಣ್ಣಂಚಿನಲ್ಲಿ ಮಿಂಚು ಹೊಡೆದಂತೆ, ಕಪ್ಪು ಚುಕ್ಕಿಗಳ ಮಳೆ ಸುರಿದಂತೆ, ಒಂದು ಕಡೆಯಿಂದ ಪರದೆ ಇಳಿದಂತೆ ಕಂಡರೆ ನಾಳೆಗೆ ಬಿಡಬೇಡಿ.

ಇನ್ನು ಹುಡುಗ. ವರ್ಷಕ್ಕೆ ಒಂದು ಡಯಾಪ್ಟರ್ ಎಂದರೆ ವೇಗದ ಏರಿಕೆ, ಮತ್ತು ಒಂಬತ್ತನೇ ವಯಸ್ಸಿಗೆ ಅವನ ಮುಂದೆ ಏರುವ ವರ್ಷಗಳು ಇನ್ನೂ ಏಳೆಂಟಾದರೂ ಇವೆ. ಮೊದಲು ಈ −2.25 ಡ್ರಾಪ್ಸ್ ಹಾಕಿ ಅಳೆದದ್ದೇ ಕೇಳಿ. ಮಕ್ಕಳ ಫೋಕಸ್ ಸ್ನಾಯು ಬಲು ಚುರುಕು, ಡ್ರಾಪ್ಸ್ ಇಲ್ಲದ ಅಳತೆಯ ಮೇಲೆ ಏನನ್ನೂ ತೀರ್ಮಾನಿಸಬಾರದು. ನಿಜವಾಗಿ ಏರಿದ್ದರೆ ಬರೀ ಕನ್ನಡಕ ಬದಲಿಸುತ್ತ ಕೂರಬೇಡಿ, ಏರುವ ವೇಗವನ್ನು ತಗ್ಗಿಸುವ ಚಿಕಿತ್ಸೆಗಳಿವೆ. ರಾತ್ರಿ ಹಾಕುವ ಕಡಿಮೆ ಸಾಂದ್ರತೆಯ ಅಟ್ರೋಪಿನ್ ಡ್ರಾಪ್ಸ್ ಒಂದು: ಹಾಂಗ್‌ಕಾಂಗಿನ ಲ್ಯಾಂಪ್ ಅಧ್ಯಯನ 0.01, 0.025, 0.05 ಶೇಕಡಾ ಮೂರನ್ನೂ ಹೋಲಿಸಿದಾಗ 0.05 ಹೆಚ್ಚು ಕೆಲಸ ಮಾಡಿತು. ಅದನ್ನು ಥಟ್ಟನೆ ನಿಲ್ಲಿಸಿದರೆ ಪವರ್ ಮತ್ತೆ ಜಿಗಿಯುವ ಸಾಧ್ಯತೆ ಇದೆ, ವೈದ್ಯರು ಹೇಳಿದಂತೆಯೇ ಬಿಡಬೇಕು. ಮಧ್ಯದಲ್ಲಿ ಪೂರ್ತಿ ಪವರ್ ಇಟ್ಟು ಸುತ್ತಲೂ ನೂರಾರು ಪುಟ್ಟ ಮಸೂರ ಕೂರಿಸಿದ ಡಿಮ್ಸ್ ಬಗೆಯ ಕನ್ನಡಕ ಇನ್ನೊಂದು. ಏರಿಕೆ ತಗ್ಗಿಸಲೆಂದೇ ಮಾಡಿದ, ದಿನವೂ ಹಾಕಿ ಎಸೆಯುವ ಮೈಸೈಟ್ ಕಾಂಟ್ಯಾಕ್ಟ್ ಲೆನ್ಸಿಗೆ ಅಮೆರಿಕದ ಎಫ್‌ಡಿಎ 2019ರಲ್ಲಿ ಒಪ್ಪಿಗೆ ಕೊಟ್ಟದ್ದು 8ರಿಂದ 12 ವರ್ಷದೊಳಗೆ ಶುರುಮಾಡುವ ಮಕ್ಕಳಿಗೇ. ಒಂಬತ್ತರ ಹುಡುಗನಿಗೆ ಕೈ ತೊಳೆದು ಲೆನ್ಸ್ ಹಾಕುವ ಶಿಸ್ತು ಇದೆಯೇ ಎಂಬುದನ್ನು ತಾಯಿಯೇ ಹೇಳಬೇಕು. ಇಲ್ಲವಾದರೆ ಕನ್ನಡಕ ಅಥವಾ ಡ್ರಾಪ್ಸ್ ವಾಸಿ. ಇವೆಲ್ಲ ಏರಿಕೆಯನ್ನು ನಿಧಾನ ಮಾಡುತ್ತವೆ, ಏರಿದ್ದನ್ನು ಇಳಿಸುವುದಿಲ್ಲ. ಜೊತೆಗೆ ದಿನಕ್ಕೆ ಎರಡು ಗಂಟೆ ಹಗಲು ಬೆಳಕಿನಲ್ಲಿ ಹೊರಗಿರಲಿ, ಆಟವೇ ಆಗಬೇಕೆಂದಿಲ್ಲ.

ಆರು ತಿಂಗಳಿಗೊಮ್ಮೆ, ಅದೇ ಜಾಗದಲ್ಲಿ, ಅದೇ ಡ್ರಾಪ್ಸ್ ಹಾಕಿ, ಅದೇ ಯಂತ್ರದಲ್ಲಿ ಕಣ್ಣಿನ ಉದ್ದದ ಸಮೇತ ಅವನ ಅಳತೆ ತೆಗೆಸಲು ನಿಮ್ಮ ಅಕ್ಕನಿಗೆ ಹೇಳಿ.